ರೂಬಿಯ ಹಿಂಗಾಲು

12 ಫೆಬ್ರವರಿ 2007, ಸೋಮವಾರ. ಬೆಳಿಗ್ಗೆ 8.30

ರೌಂಡ್ ಮುಗೀತು. ಹೊಸ ಯೂನಿಟ್ ಕಟ್ಟಿದ ಮೇಲೆ ಫ್ಯಾಕ್ಟರಿ ಕಾಂಪೌಂಡ್ ಒಂದು ಸುತ್ತಿಗೆ ಐದು ಕಿಲೋಮೀಟರ್. ಮೊದಲಿಗಿಂತ ಡಬಲ್. ಪೂರಾ ಕಾಂಕ್ರೀಟ್. ಮಣ್ಣಿನ ದಾರಿ ಒಂದು ಮಾರೂ ಉಳಿದಿಲ್ಲ. ಕಾವಲಿಗೆ ನಾಯಿ ಎರಡಿದ್ದವು. ಸೀಸರ್ ಸತ್ತು ತಿಂಗಳಾಯ್ತು. ನಮ್ಮ ಸೆಕ್ಯುರಿಟಿ ಏಜೆನ್ಸಿಯವರು ಬದಲಿ ಕಳಿಸಿಲ್ಲ. ಬೆಳಿಗ್ಗೆ ರೌಂಡೂ ರೂಬಿ, ಸಂಜೆ ರೌಂಡೂ ರೂಬಿ.

ನಡೆಯುವಾಗ ಏನೂ ಗೊತ್ತಾಗಲ್ಲ. ಕಿವಿ ನೆಟ್ಟಗೆ, ಬೆಲ್ಟ್ ಬಿಗಿಯಾಗಿ ಎಳೀತಾಳೆ. ಕೆನಲ್‌ಗೆ ಬಂದು ಸಿಮೆಂಟ್ ಮೇಲೆ ಮಲಗಿದಳು. ಅರ್ಧ ಗಂಟೆ ಬಿಟ್ಟು ನೀರಿಗೆ ಕರೆದೆ. ಏಳೋಕಾಗಲಿಲ್ಲ. ಮುಂಗಾಲು ಊರಿದಳು, ಹಿಂಗಾಲು ನೆಲ ಬಿಡಲಿಲ್ಲ. ಕಡೆಗೆ ಎದ್ದು ಮರಗಾಲಿನ ಹಾಗೆ ಏಳೆಂಟು ಹೆಜ್ಜೆ ಇಟ್ಟಳು. ಆಮೇಲೆ ಸರಿಹೋಯ್ತು. ನಾಲ್ಕು ದಿನದಿಂದ ಹೀಗೇ.

ಏಳು ವರ್ಷದ ಜರ್ಮನ್ ಶೆಫರ್ಡ್. ಐದು ವರ್ಷದಿಂದ ನನ್ನ ಕೈಲಿ. ಎಂದೂ ಹೀಗೆ ಮಾಡಿದವಳಲ್ಲ.

ಲಾಗ್‌ಬುಕ್ಕಲ್ಲಿ ‘ನಾಯಿ ಫಿಟ್’ ಅಂತ ಬರೆದೆ. ಬೇರೆ ಏನು ಬರೆದರೂ ಏಜೆನ್ಸಿ ಫೀಲ್ಡ್ ಆಫೀಸರ್ ಲೋಕೇಶ್ ಫೋನ್ ಮಾಡ್ತಾನೆ. ನಿಜ ಈ ಡೈರೀಲಿ ಬರೆದುಕೊಂಡರೆ ಸಾಕು.

15 ಫೆಬ್ರವರಿ

ಲೋಕೇಶ್ ಬಂದಿದ್ದ. ನನಗಿಂತ ಹದಿನೈದು ವರ್ಷ ಚಿಕ್ಕವನು. ರೂಬಿ ವಿಷಯ ಹೇಳಿದೆ.

“ಸೋಮಾರಿತನ ಕಣಯ್ಯ ಹುಚ್ಚಯ್ಯ. ತಿಂದು ಕೊಬ್ಬೈತೆ. ಇನ್ನೊಂದು ರೌಂಡ್ ಓಡ್ಸು, ಸರಿಹೋಯ್ತದೆ.”

“ಆಸ್ಪತ್ರೆಗೆ ತೋರಿಸ್ಲಾ ಸಾರ್?”

“ನಿನ್ನ ವೀಕ್ಲಿ ಆಫಲ್ಲಿ ಎಲ್ಲಿಗಾದ್ರೂ ಕರ್ಕೊಂಡೋಗು. ಡ್ಯೂಟಿ ಟೈಮಲ್ಲಿ ಬೇಡ.”

17 ಫೆಬ್ರವರಿ, ಶನಿವಾರ

ವೀಕ್ಲಿ ಆಫ್. ರಾಮನಗರ. ದನದ ಆಸ್ಪತ್ರೆ. ಆಟೋದಲ್ಲಿ ನನ್ನ ತೊಡೆ ಮೇಲೆ ಮುಂಗಾಲು ಇಟ್ಟುಕೊಂಡು ಬಂದಳು.

ಡಾಕ್ಟರ್ ಹಫೀಜಾ ಮೇಡಂ ಹೊಸಬರು, ಚನ್ನಪಟ್ಟಣದವರು. ರೂಬಿ ಸೊಂಟ, ತೊಡೆ ಎಲ್ಲಾ ಬೆರಳಲ್ಲಿ ಒತ್ತಿ ನೋಡಿದರು. ನಡೆಸಿ ನೋಡಿದರು. ಮಲಗಿಸಿ ಎಬ್ಬಿಸಿ ನೋಡಿದರು.

“ಸ್ನಾಯು ದಣಿದು ಬಿಗಿದುಕೊಂಡಿದೆ. ಸೊಂಟದ ಕೀಲೂ ಸವೀತಾ ಇರಬೋದು, ಅದು ಎಕ್ಸ್‌ರೇ ತೆಗೆದ್ರೇನೇ ಗೊತ್ತಾಗೋದು. ದಿನಕ್ಕೆಷ್ಟು ನಡೆಸ್ತೀರ ಹುಚ್ಚಯ್ಯನವ್ರೇ?”

“ಎರಡು ಸುತ್ತು ಮೇಡಂ. ಹತ್ತು ಕಿಲೋಮೀಟ್ರು.”

“ಕಾಂಕ್ರೀಟ್ ಮೇಲೆ? ರಜಾನೇ ಇಲ್ಲದೆ?”

ಇವತ್ತೇ ಅವಳ ರಜ ಅಂತ ಹೇಳೋಕೆ ನಾಚಿಕೆ ಆಯ್ತು.

ಹೇಳಿದ್ದು: ಡ್ಯೂಟಿ ಅರ್ಧ ಮಾಡಬೇಕು. ಹೊರಡುವ ಮುಂಚೆ ಹತ್ತು ನಿಮಿಷ ಮೆಲ್ಲಗೆ ನಡೆಸಿ ಮೈ ಬಿಸಿ ಆಗೋಕೆ ಬಿಡಬೇಕು. ಮುಗಿದ ಮೇಲೂ ತಟ್ಟನೆ ಕೂರಿಸಬಾರದು. ತಣ್ಣನೆ ಸಿಮೆಂಟ್ ಮೇಲೆ ಮಲಗಿಸಬಾರದು. ಬಿಸಿನೀರ ಬಟ್ಟೆ ಶಾಖ, ತಿಕ್ಕೋದು. ಹಾರಿಸಲೇಬಾರದು.

ಬಾಗಿಲ ತನಕ ಬಂದು ಇನ್ನೊಂದು ಮಾತು ಹೇಳಿದರು. “ಮೆಡಿಕಲ್ ಶಾಪಿನ ನೋವಿನ ಮಾತ್ರೆ ಮಾತ್ರ ಕೊಡಬೇಡಿ. ನಮಗೆ ಕೊಡೋದು ಇವಕ್ಕೆ ವಿಷ. ಹೊಟ್ಟೆ ಒಳಗೆ ರಕ್ತ ಒಡೀತದೆ.”

ಸರಿ ಮೇಡಂ ಅಂದೆ.

26 ಫೆಬ್ರವರಿ

ಡ್ಯೂಟಿ ಅರ್ಧ ಮಾಡೋಕೆ ಲೋಕೇಶ್ ಒಪ್ಪಲಿಲ್ಲ. ಎಕ್ಸ್‌ರೇ ಅಂದಾಗ ನಕ್ಕ. ಮಿಕ್ಕಿದ್ದೆಲ್ಲಾ ಮಾಡ್ತಿದೀನಿ. ಕೆನಲ್‌ಗೆ ಗೋಣಿಚೀಲ ನಾಲ್ಕು ಪದರ ಹಾಕಿದೆ. ರೌಂಡ್ ಆದ ಮೇಲೆ ಕ್ಯಾಂಟೀನಿಂದ ಬಿಸಿನೀರು.

ನೀರಿನ ಬಿಸಿ ನೋಡೋಕೆ ಮೊಣಕೈ ಅದ್ದಬೇಕು. ಅಂಗೈಗೆ ಗೊತ್ತಾಗಲ್ಲ. ಇಮಾಮ್ ಸಾಬರ ರೇಷ್ಮೆ ಯೂನಿಟ್ಟಲ್ಲಿ ಹನ್ನೊಂದು ವರ್ಷ ಕುದಿನೀರಲ್ಲಿ ಗೂಡು ಬಿಚ್ಚಿದ ಕೈ. ಚರ್ಮ ಸತ್ತಿದೆ. ಆದರೆ ನೂಲಿನ ಎಳೆ ಹುಡುಕಿದ ಬೆರಳು... ತೊಡೆಯಲ್ಲಿ ಗಂಟು ಎಲ್ಲಿದ್ದರೂ ಸಿಕ್ಕಿಬಿಡ್ತದೆ. ಮೆಲ್ಲಗೆ ಒತ್ತುತ್ತಾ ಹೋದರೆ ಸಡಿಲ ಆಗ್ತದೆ. ರೂಬಿ ಕಣ್ಣು ಮುಚ್ಚಿ ಉಸಿರು ಬಿಡ್ತಾಳೆ.

ಮನೇಲಿ ಹೆಂಡತಿ ಶಿವಲಿಂಗಮ್ಮನಿಗೆ ಹೇಳಿದೆ. ಅವಳು ಗಾರ್ಮೆಂಟ್ಸಿಂದ ಬಂದು ಕಾಲು ನೀಡಿ ಕೂತಿದ್ದಳು.

“ಎಂಟು ಗಂಟೆ ನಿಂತು ಬಂದಿವ್ನಿ. ನನ್ ಕಾಲ್ಗೂ ಒಸಿ ನೀರ್ ಕಾಯ್ಸು. ನಾನೂ ಬೊಗಳ್ತೀನಿ ಬೇಕಾರೆ.”

ಕಾಯಿಸಿದೆ. ಇಬ್ಬರೂ ನಕ್ಕೆವು.

5 ಮಾರ್ಚ್

14ನೇ ತಾರೀಖು ಫ್ಯಾಕ್ಟರಿ ನೋಡೋಕೆ ಫಾರಿನ್‌ನವರು ಬರ್ತಾರಂತೆ, ಲೋಕೇಶ್ ಹೇಳಿದ. ಸೆಕ್ಯುರಿಟಿ ಡೆಮೋ ಕೊಡಬೇಕು. ನಾಯಿ ಮೂರು ಹರ್ಡಲ್ ಹಾರಬೇಕು, ಓಡೋ ಕಳ್ಳನ ತೋಳು ಹಿಡಿದು ಕೆಡವಬೇಕು.

“ಹಾರಿಸಬಾರದು ಅಂದವ್ರೆ ಸಾರ್.”

“ಡೆಮೋ ಚೆನ್ನಾಗಾದ್ರೆ ನಿನ್ ಹೆಸ್ರು ಪರ್ಮನೆಂಟ್ ಲಿಸ್ಟಿಗೆ. ಮನೆಯವಳಿಗೂ ಇಎಸ್‌ಐ ಕಾರ್ಡು. ಆಗದೇ ಇದ್ರೆ ಬೇರೆ ನಾಯಿ, ಬೇರೆ ಹ್ಯಾಂಡ್ಲರ್ ತರ್ತೀನಿ. ಯೋಚ್ನೆ ಮಾಡು.”

ಆರು ವರ್ಷದಿಂದ ಕಾಂಟ್ರ್ಯಾಕ್ಟ್. ಯೋಚನೆ ಮಾಡೋಕೆ ಏನಿದೆ.

10 ಮಾರ್ಚ್

ರಿಹರ್ಸಲ್. ಎರಡು ಹರ್ಡಲ್ ಹಾರಿದಳು. ಮೂರನೇದಕ್ಕೆ ಹಿಂಗಾಲು ತಾಗಿ ಬಿದ್ದಳು. ಕುಂಯ್‌ಗುಟ್ಟಿದಳು. ರೂಬಿ ಕುಂಯ್‌ಗುಟ್ಟಿದ್ದನ್ನ ಮೊದಲ ಸಲ ಕೇಳಿದ್ದು.

ಲೋಕೇಶ್ ಜೇಬಿಂದ ಮಾತ್ರೆ ಸ್ಟ್ರಿಪ್ ತೆಗೆದ. ಅವನ ತಾಯಿ ಮಂಡಿನೋವಿಗೆ ತಿನ್ನೋದಂತೆ. “ಬೆಳಿಗ್ಗೆ ಒಂದು, ಸಂಜೆ ಒಂದು. ಯಾರ್ಗೂ ಹೇಳ್ಬೇಡ.”

ಮೇಡಂ ಹೇಳಿದ್ದು ನೆನಪಿತ್ತು. ನೆನಪಿಲ್ಲ ಅಂತ ಇಲ್ಲೂ ಸುಳ್ಳು ಬರೆಯಲಾರೆ. ನೆನಪಿತ್ತು. ಜೇಬಿಗೆ ಹಾಕಿಕೊಂಡೆ.

13 ಮಾರ್ಚ್

ಕೊಟ್ಟೆ. ರಾಗಿಮುದ್ದೆ ಒಳಗಿಟ್ಟು. ನನ್ನ ಕೈಯಿಂದ ಏನು ಕೊಟ್ಟರೂ ಮೂಸಿ ನೋಡುವವಳಲ್ಲ. ನುಂಗಿದಳು. ಅಂಗೈ ನೆಕ್ಕಿದಳು.

14 ಮಾರ್ಚ್, ಬುಧವಾರ

ಮೂರೂ ಹಾರಿದಳು. ಚಿಗರೆ ಹಾಗೆ. ಕಳ್ಳನ ಪಾರ್ಟ್ ಮಾಡಿದ ಗಾರ್ಡ್ ಓಡಿ ಹತ್ತು ಮಾರು ಹೋಗಿರಲಿಲ್ಲ, ಕೆಡವಿದ್ದಳು. ಫಾರಿನ್‌ನವರು ಎದ್ದು ನಿಂತು ಚಪ್ಪಾಳೆ. ಒಬ್ಬ ರೂಬಿ ಜೊತೆ ಫೋಟೋ ತೆಗೆಸಿಕೊಂಡ. ನನ್ನ ಕೈ ಕುಲುಕಿದ. ಲೋಕೇಶ್ ಬೆನ್ನು ತಟ್ಟಿದ.

ಸಂತೋಷ ಆಯ್ತು. ಅದನ್ನೂ ಬರೆದಿಡ್ತೀನಿ.

18 ಮಾರ್ಚ್

ಡೆಮೋ ಮುಗಿದ ಮೇಲೆ ಮಾತ್ರೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಲೋಕೇಶ್ ಇನ್ನೆರಡು ಸ್ಟ್ರಿಪ್ ಕೊಟ್ಟ. ಮಾತ್ರೆ ಕೊಟ್ಟರೆ ಮಲಗಿದವಳು ಒಂದೇ ಸಲಕ್ಕೆ ಏಳ್ತಾಳೆ. ಬಿಸಿನೀರು, ತಿಕ್ಕೋದು ಏನೂ ಬೇಡ. ನಾನೂ ಮೂರು ದಿನದಿಂದ ತಿಕ್ಕಿಲ್ಲ.

20 ಮಾರ್ಚ್, ಮಂಗಳವಾರ

ಊಟ ಮುಟ್ಟಲಿಲ್ಲ. ಟಾರ್ ತರ ಕಪ್ಪು ಭೇದಿ. ಮಧ್ಯಾಹ್ನ ವಾಂತಿ, ಅದರಲ್ಲಿ ರಕ್ತ.

ಡ್ಯೂಟಿ ಬಿಟ್ಟು ಆಟೋ ಹಿಡಿದೆ. ಎರಡೂ ಕೈಲಿ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ಮೇಡಂ ಒಸಡು ನೋಡಿದರು. ಬಿಳಿಚಿಕೊಂಡಿತ್ತು. ಡ್ರಿಪ್ ಹಾಕುತ್ತಾ ನನ್ನ ಮುಖ ನೋಡಿ ಕೇಳಿದರು.

“ಏನಾದ್ರೂ ಮಾತ್ರೆ ಕೊಟ್ರಾ?”

“ಇಲ್ಲ ಮೇಡಂ.”

“ಯೋಚನೆ ಮಾಡಿ ಹೇಳಿ.”

“ಇಲ್ಲ. ಫ್ಯಾಕ್ಟರಿಲಿ ಇಲಿ ಪಾಷಾಣ ಇಟ್ಟಿರ್ತಾರೆ... ಅದೇನಾದ್ರೂ ತಿಂತೋ ಏನೋ.”

ಯಾರೂ ಹೇಳಿಕೊಡದೆ ಬಂತು ಆ ಮಾತು. ನನ್ನದೇ. ಮೇಡಂ ಪಾಷಾಣ ಇಳಿಸೋ ಇಂಜೆಕ್ಷನ್ ಬರೆದರು. ಅದನ್ನ ಹುಡುಕಿಕೊಂಡು ಅಟೆಂಡರ್ ಬೆಂಗಳೂರು ಬಸ್ಸು ಹತ್ತಿದ. ನಾನು ನೋಡ್ತಾ ನಿಂತಿದ್ದೆ.

21 ಮಾರ್ಚ್

ಮತ್ತೆ ರಕ್ತ. ಪಾಷಾಣದ ಮದ್ದು ಹತ್ತುತ್ತಿಲ್ಲ ಅಂತ ಮೇಡಂ ತಲೆ ಕೆಡಿಸಿಕೊಂಡಿದ್ದರು. ನಾನು ಬಾಯಿ ಬಿಡಲಿಲ್ಲ. ಪರ್ಮನೆಂಟ್ ಲೆಟರ್ ಟೈಪ್ ಆಗ್ತಿದೆ ಅಂತ ಲೋಕೇಶ್ ಗೇಟಿಗೆ ಫೋನ್ ಮಾಡಿದ್ದ.

22 ಮಾರ್ಚ್

ಬೆಳಿಗ್ಗೆ ಶಿವಲಿಂಗಮ್ಮ ನನ್ನ ಪ್ಯಾಂಟು ಒಗೆಯೋಕೆ ತೆಗೆದವಳು ಜೇಬಿಂದ ಸ್ಟ್ರಿಪ್ ಹಿಡಿದು ಬಂದಳು. ಹತ್ತರಲ್ಲಿ ಎರಡು ಉಳಿದಿತ್ತು.

“ನಿಂಗೆಲ್ಲಿ ನೋವು?”

ಸ್ಟ್ರಿಪ್ ಇಸ್ಕೊಳ್ಳೋಕೆ ಕೈ ಚಾಚಿದೆ. ಅವಳಿಗೆ ಗೊತ್ತಾಗಿಹೋಯ್ತು. ಸ್ಟ್ರಿಪ್ ನನ್ನ ಮುಂದಿಟ್ಟು ಒಳಗೆ ಹೋದಳು.

ಬಸ್ ಸ್ಟ್ಯಾಂಡಿನ ಕಾಯಿನ್ ಬೂತಿಂದ ಮೇಡಂಗೆ ಫೋನ್ ಮಾಡಿ ಹೇಳಿದೆ. ಮಾತ್ರೆ ಹೆಸರು, ಎಷ್ಟು, ಎಷ್ಟು ದಿನ. ಮೇಡಂ ಎಲ್ಲಾ ಬರೆದುಕೊಂಡರು. ಆಮೇಲೆ—

“ಎರಡು ದಿನ ಹಾಳು ಮಾಡಿದ್ರಿ ಹುಚ್ಚಯ್ಯನವ್ರೇ.”

ಬೈದಿದ್ದರೆ ಚೆನ್ನಾಗಿತ್ತು. ಫೋನ್ ಇಟ್ಟುಬಿಟ್ಟರು. ಮದ್ದು ಬದಲಾಯಿಸೋಕೆ ಓಡಿರಬೇಕು.

2 ಏಪ್ರಿಲ್

ಬದುಕಿದಳು. ಮೂಳೆ, ಚರ್ಮ. ಇವತ್ತು ಗಂಜಿ ಕುಡಿದಳಂತೆ. ಅಟೆಂಡರ್ ಕುಡಿಸಿದ್ದು. ನಾನು ತುತ್ತು ಮಾಡಿ ಹಿಡಿದೆ. ಮೂಸಿದಳು. ಮುಖ ಆ ಕಡೆ ತಿರುಗಿಸಿದಳು. ಮತ್ತೆ ಹಿಡಿದೆ. ಎದ್ದು ಹೋಗೋಕೆ ನೋಡಿದಳು, ಕಾಲು ಬರಲಿಲ್ಲ. ನಾನೇ ಎದ್ದು ಬಂದೆ.

9 ಏಪ್ರಿಲ್

ಲೆಟರ್ ಬಂತು. ಪರ್ಮನೆಂಟ್. ಅದೇ ಲಕೋಟೆಯಲ್ಲಿ ಇನ್ನೊಂದು ಹಾಳೆ — ರೂಬಿ ಅನ್‌ಫಿಟ್, ಲಿಸ್ಟಿಂದ ತೆಗೆದಿದೆ, ಕಾರಣ: ‘ಫ್ಯಾಕ್ಟರಿಯಲ್ಲಿ ಇಲಿ ಪಾಷಾಣ ಸೇವನೆ’. ಡ್ಯೂಟಿ ಬಿಟ್ಟದ್ದಕ್ಕೆ ಲೋಕೇಶ್‌ಗೂ ನಾನು ಹೇಳಿದ್ದ ಸುಳ್ಳು ನೀಟಾಗಿ ಟೈಪ್ ಆಗಿ ನನಗೇ ವಾಪಸ್ ಬಂತು. ಕೆಳಗೆ ಹ್ಯಾಂಡ್ಲರ್ ಸಹಿ ಹಾಕಬೇಕು.

ಹಾಕಲಿಲ್ಲ. ಲಾಗ್‌ಬುಕ್ ತೆಗೆದು ಬರೆದೆ. ದಿನಕ್ಕೆ ಹತ್ತು ಕಿಲೋಮೀಟರ್, ಕಾಲು ಬಿಗಿದದ್ದು, ಡಾಕ್ಟರ್ ಹೇಳಿದ್ದು, ಲೋಕೇಶ್ ಮಾತ್ರೆ ತಂದದ್ದು, ಕೊಟ್ಟವನು ನಾನು, ಡಾಕ್ಟರ್ ಹತ್ತಿರ ಸುಳ್ಳು ಹೇಳಿದವನೂ ನಾನು. ಒಂದೂವರೆ ಪುಟ. ಸಹಿ.

10 ಏಪ್ರಿಲ್

ಲೋಕೇಶ್ ಪುಟ ಹರಿದ. ನನ್ನ ಮುಂದೆಯೇ, ಮೆಲ್ಲಗೆ, ಹೊಲಿಗೆ ಬಿಡದ ಹಾಗೆ.

“ತಲೆ ಕೆಟ್ಟೈತಾ? ಅವ್ವ ಅಪ್ಪ ಸರ್ಯಾಗೇ ಹೆಸ್ರಿಟ್ಟವ್ರೆ ನಿಂಗೆ. ಯಾವನ್ ಚೆಲ್ತಾನೆ ಹೀಗೆ ಕೈಲಿರೋ ಅನ್ನಾನ?”

“ಇನ್ನೊಂದ್ಸಲ ಬರೀತೀನಿ ಸಾರ್.”

“ಬರಿ. ಮನೇಲಿ ಕೂತು ಬರಿ.”

ಯೂನಿಫಾರಂ ಬಿಚ್ಚಿಸಿಕೊಂಡ. ಬನಿಯನ್ನಲ್ಲೇ ಗೇಟ್ ತನಕ ಬಂದೆ. ಗೇಟಿನ ಹುಸೇನ್ ತನ್ನ ಟವಲ್ ಕೊಟ್ಟ.

11 ಮೇ

ತಿಂಗಳು ಬರೆದಿಲ್ಲ. ರೇಷ್ಮೆ ಗೂಡಿನ ಮಾರ್ಕೆಟ್ಟಲ್ಲಿ ಮೂಟೆ ಹೊರುವ ಕೆಲಸ. ಶಿವಲಿಂಗಮ್ಮ ಬೈಯಲಿಲ್ಲ. ಮಾತು ಮಾತ್ರ ಕಮ್ಮಿ.

ರೂಬಿ ಇನ್ನೂ ಆಸ್ಪತ್ರೇಲೇ ಇದ್ದಾಳೆ ಅಂದುಕೊಂಡಿದ್ದೆ. ಹೋಗಿ ನೋಡೋಕೆ ಮುಖ ಇರಲಿಲ್ಲ. ಇವತ್ತು ಹೋದೆ. ಕಟ್ಟುತ್ತಿದ್ದ ಜಾಗ ಖಾಲಿ. ಏಜೆನ್ಸಿಯವರು ಬಂದು ಕರೆದೊಯ್ದು ಮೂರು ವಾರ ಆಗಿದೆಯಂತೆ.

“ಎಲ್ಲಿಗೆ ಮೇಡಂ?”

“ಒಳ್ಳೇ ಜಾಗ ಅಂದ್ರು. ನಿಮ್ಮನ್ನ ಕೇಳೋಣ ಅಂದ್ರೆ ನೀವು ಬರ್ಲೇ ಇಲ್ವಲ್ಲ.”

27 ಮೇ

ಹುಸೇನ್ ಪತ್ತೆ ಮಾಡಿದ. ಮಾಗಡಿ ಕಡೆ, ತಿಪ್ಪಸಂದ್ರದಿಂದ ಒಳಗೆ, ಚೆಲುವಯ್ಯ ಅನ್ನುವವರ ಕೋಳಿ ಫಾರಂ. ಕಾವಲಿಗೆ ಅಂತ ಮಾರಿದ್ದಾರೆ. ಟ್ರೈನ್ಡ್ ಡಾಗ್, ಫಾರಿನ್‌ನವರ ಮುಂದೆ ಡೆಮೋ ಕೊಟ್ಟಿದ್ದು ಅಂತ ಹೇಳಿ... ಫೋಟೋ ಬೇರೆ ತೋರಿಸಿದರಂತೆ.

3 ಜೂನ್, ಭಾನುವಾರ. ಬೆಳಿಗ್ಗೆ 11.40. ತಿಪ್ಪಸಂದ್ರ ಬಸ್ ಸ್ಟಾಪ್

ಫಾರಂಗೆ ಒಂಬತ್ತಕ್ಕೆ ಮುಟ್ಟಿದೆ. ಶೆಡ್ಡಿನ ಮೂಲೆ. ಎರಡು ಮೊಳದ ಚೈನು. ಕೆಳಗೆ ಸಿಮೆಂಟು, ಒದ್ದೆ. ಮಲಗಿದ್ದಳು. ರೂಬಿ ಅಂದೆ. ಕಿವಿ ಎದ್ದವು. ಬಾಲ ಆಡಲಿಲ್ಲ.

ಚೆಲುವಯ್ಯ ನನ್ನನ್ನ ಏಜೆನ್ಸಿಯವನು ಅಂದುಕೊಂಡು ರೇಗಿದರು. “ಹತ್ತಾಳ್ಗೆ ಸಮ ಅಂತ ಹೇಳಿ ಕಟ್ಬುಟ್ಟು ವೋದ್ರಲ್ಲಪ್ಪಾ! ಬೆಳಗಾನ ಏಳಾಕೇ ಆಗಕಿಲ್ಲ ಇದ್ಕೆ. ಕಾಡ್ಬೆಕ್ಕು ಬಂದು ಎಂಟು ಕೋಳಿ ಎತ್ಕಂಡೋಯ್ತು, ಮನೀಕಂಡೇ ನೋಡ್ತಿತ್ತು. ಮೋಸ ಮಾಡ್ಬುಟ್ರಿ.”

“ಮೋಸಾನೇ ಯಜಮಾನ್ರೆ. ನಾಯಿಗೂ ಮಾಡಿದ್ದೀವಿ.”

ಎಲ್ಲಾ ಹೇಳಿದೆ. ನಿಂತುಕೊಂಡೇ. ಅವರು ಕೋಳಿ ಆಹಾರದ ಬಕೆಟ್ ಕೆಳಗಿಟ್ಟು ಕೇಳಿದರು. ಆಮೇಲೆ ಚೈನು ಬಿಚ್ಚಿ ಒಂದು ಹಗ್ಗ ಕಟ್ಟಿ ಕೊಟ್ಟರು.

“ತಕ್ಕಂಡೋಗು. ಕೆಲ್ಸುಕ್ ಬಾರದ್ದು ಕಟ್ಕಂಡು ನಾನೇನ್ಮಾಡ್ಲಿ.”

ಕೆಲಸಕ್ಕೆ ಬಾರದ್ದು. ಅದಕ್ಕೇ ಸಿಕ್ಕಳು. ಗಟ್ಟಿಯಾಗಿದ್ದಿದ್ದರೆ ಯಾರು ಕೊಡ್ತಿದ್ದರು.

ತಿಪ್ಪಸಂದ್ರಕ್ಕೆ ಮೂರು ಕಿಲೋಮೀಟರ್. ಎರಡು ಗಂಟೆ ಹಿಡೀತು. ಮಣ್ಣಿನ ಅಂಚಲ್ಲೇ ನಡೆಸಿದೆ. ನಿಂತಾಗ ನಿಂತೆ. ಒಂದು ಸಲ ತೊಡೆ ತಿಕ್ಕೋಣ ಅಂತ ಕೈ ಚಾಚಿದೆ. ಹಲ್ಲು ತೋರಿಸಿದಳು. ಐದು ವರ್ಷದಲ್ಲಿ ನನಗೆ ತೋರಿಸಿದವಳಲ್ಲ. ಕೈ ತೆಗೆದೆ.

ಎರಡು ಬಸ್ಸಿನವರು ಹತ್ತಿಸಲಿಲ್ಲ. ಹಾಲಿನ ವ್ಯಾನ್ ಮಾಗಡಿಗೆ ಹೋಗ್ತದೆ, ಡ್ರೈವರ್ ಒಪ್ಪಿದ್ದಾನೆ, ಕ್ಯಾನ್ ತುಂಬಿಕೊಂಡು ಬರ್ತೀನಿ ಅಂದ. ಶಿವಲಿಂಗಮ್ಮನಿಗೆ ಹೇಳಿ ಬಂದಿಲ್ಲ. ಅವಳು ಏನಂತಾಳೋ.

ನಾನು ಕಲ್ಲಿನ ಮೇಲೆ. ರೂಬಿ ಮಣ್ಣಲ್ಲಿ. ಹತ್ತಿರ ಮಲಗಿಲ್ಲ, ಹಗ್ಗ ಎಷ್ಟು ಉದ್ದವೋ ಅಷ್ಟು ದೂರ. ಬೆನ್ನು ನನ್ನ ಕಡೆ.

ವ್ಯಾನ್ ಬಂತು. ಎತ್ತರದ ಗಾಡಿ, ಅವಳು ಹತ್ತಲಾರಳು. ನಾನೇ ಎತ್ತಬೇಕು. ಮುಟ್ಟೋಕೆ ಬಿಡ್ತಾಳೋ ಇಲ್ಲ—