ಉಪ್ಪಿಗೆ ಉಳಿಯದ ಪಗಾರ

ಬನಹಟ್ಟಿ
೧೩ ಆಗಸ್ಟ್ ೨೦೨೫

ಪ್ರೀತಿಯ ಅಂಜನಾ,

ನಿನ್ನ ಉಮಾಶ್ರೀ ಬರೆಯುವುದು. ನೀನು, ನಿನ್ನ ಮನೆಯವರು, ಮಕ್ಕಳು ಬಾಡಗಂಡಿಯಲ್ಲಿ ಆರಾಮ ಇದ್ದೀರೆಂದು ನಂಬಿದ್ದೇನೆ. ಫೋನು ಹಚ್ಚಿದರೆ ನೀನು ಎತ್ತುವುದಿಲ್ಲ. ಅದಕ್ಕೇ ನನ್ನ ವೈಶಾಲಿಯ ನೋಟಬುಕ್ಕಿನ ಹಾಳೆ ಹರಿದುಕೊಂಡು ಕೂತಿದ್ದೇನೆ. ಪತ್ರ ಬರೆದು ಎಷ್ಟು ವರ್ಷವಾಯಿತೋ. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಹೋದ ಸೋಮವಾರ ರುಕ್ಮವ್ವ ತೀರಿಕೊಂಡಳು. ಆ ಕೆಮ್ಮು ನಿನಗೆ ಗೊತ್ತೇ ಇದೆ. ಕೊನೆಗೆ ನುಚ್ಚು ಸಹ ಒಳಗೆ ಇಳಿಯುತ್ತಿರಲಿಲ್ಲ. ಮಣ್ಣಿಗೆ ನಮ್ಮ ಮಗ್ಗದ ಶೆಡ್ಡಿನ ಹೆಂಗಸರೆಲ್ಲ ಹೋಗಿದ್ದೆವು. ನಿನಗೂ ಸುದ್ದಿ ಮುಟ್ಟಿಸಿದ್ದೆವು, ನೀನು ಬರಲಿಲ್ಲ. ಯಾಕೆ ಬರಲಿಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಯಾರೂ ನಿನ್ನದು ತಪ್ಪು ಅನ್ನಲಿಲ್ಲ. ಮೂವತ್ತು ವರ್ಷ ಕಂಡಿಕೆಗೆ ನೂಲು ಸುತ್ತಿದ ಆ ಕೈಗಳ ಮೇಲೆ ಒಂದು ಹಿಡಿ ಮಣ್ಣು ಹಾಕಬೇಕಾದಾಗ ನನ್ನ ಮುಷ್ಟಿ ಮಾತ್ರ ಬಿಚ್ಚಲಿಲ್ಲ.

ಯುಗಾದಿ ಮುಗಿದ ವಾರ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿ ಕೂತಿದ್ದೆವು. ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿ ಎಷ್ಟೆಂದು ನೀನು ಮೊಬೈಲಿನಲ್ಲಿ ನೋಡಿ ಓದಿದೆ. ನಮಗೆ ಸಿಗುವುದು ಅದರ ಅರ್ಧಕ್ಕಿಂತ ಚೂರು ಮೇಲೆ. ಆಮೇಲೆ ನೀನು, ತಿಂಗಳಿಗೆ ಏನೇನು ಬೇಕು, ಒಬ್ಬೊಬ್ಬರು ಒಂದೊಂದು ಹೇಳಿರಿ ಅಂದೆ. ಬಾಡಿಗೆ, ಗ್ಯಾಸು, ಜೋಳ, ಎಣ್ಣೆ, ಮಕ್ಕಳ ಸಾಲಿಯ ಆಟೋ, ಗುಳಿಗೆ. ನೀನು ಕೂಡಿಸುತ್ತಾ ಹೋದೆ. ನಡುವೆಯೇ ರುಕ್ಮವ್ವ ಕೈ ಎತ್ತಿ, “ನಿಂದ್ರ ಬೇ, ಇನ್ನಾ ಉಪ್ಪು ಹೇಳಿಲ್ಲ, ಆಗಲೇ ನನ್ನ ಪಗಾರ ಮುಗದೈತಿ” ಅಂದಳು. ಎಲ್ಲರೂ ನಕ್ಕೆವು. ನೀನು ನಗಲಿಲ್ಲ.

ಆ ಕೂಲಿ ಕೇಳಲು ಶೆಡ್ಡಿನ ಮಾಲಕರ ಮುಂದೆ ನಿಂತಾಗ ಅವರು, “ಅದು ದೊಡ್ಡ ಊರಿನ ಲೆಕ್ಕ. ಬನಹಟ್ಟ್ಯಾಗ ನಿಮಗೇನು ಖರ್ಚು ಬರತೈತಿ?” ಅಂದರು. “ಗ್ಯಾಸಿನ ಸಿಲಿಂಡರಿಗೆ ಸಣ್ಣ ಊರು, ದೊಡ್ಡ ಊರು ಅಂತ ಐತೇನ್ರಿ?” ಎಂದು ಕೇಳಿದವಳು ನೀನೊಬ್ಬಳೇ. ಅವರ ಮುಖ ಕೆಂಪಗಾದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ನೀನು ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟೆ. ಆ ಗುರುವಾರ ಅಲ್ಲಿಯ ಸಾಹೇಬರು ವಿಚಾರಣೆಗೆ ಬರುವುದು ನಮ್ಮ ಹನ್ನೊಂದು ಮಂದಿಗಷ್ಟೇ ಗೊತ್ತಿತ್ತು. ಖರೆ ಹೇಳುತ್ತೇವೆಂದು ಎಲ್ಲರೂ ನಿನ್ನ ಕೈಮೇಲೆ ಕೈ ಇಟ್ಟಿದ್ದೆವು. ಆದರೆ ಗುರುವಾರ ಬೆಳಿಗ್ಗೆ ಮಾಲಕರು ಬಾಗಿಲಲ್ಲೇ ನಿಂತಿದ್ದರು. “ಒಬ್ಬಾಕಿ ಬಾಯಿ ಬಿಟ್ರೂ ಶೆಡ್ಡಿಗೆ ಕೀಲಿ. ಆಮ್ಯಾಲ ನಿಮ್ಮ ನಿಮ್ಮ ದಾರಿ ನೀವು ನೋಡಕೋರಿ” ಅಂದರು. ಸಾಹೇಬರು ಬಂದು ಮೊದಲು ನನ್ನನ್ನೇ ಕೇಳಿದರು. “ಬರತೈತ್ರಿ, ಸರ್ಕಾರ ಹೇಳಿದಷ್ಟು ಬರತೈತ್ರಿ” ಅಂದೆ. ನನ್ನ ಹಿಂದೆ ಉಳಿದವರೆಲ್ಲ ಹಾಗೇ ಅಂದರು. ನೀನೊಬ್ಬಳು ಖರೆ ಹೇಳಿದೆ. ಹತ್ತು ಮಂದಿಯ ಮುಂದೆ ನಿನ್ನ ಮಾತು ಸುಳ್ಳಾಯಿತು.

ಆ ಸಂಜೆಯೇ ನಿನ್ನನ್ನು ಮಗ್ಗದಿಂದ ತೆಗೆದರು. ಹೋಗುವಾಗ ನೀನು ರುಕ್ಮವ್ವನ ಮುಂದೆ ನಿಂತು, “ನಿನ್ನೆ ಸಂಜೀಕ ಮಾಲಕರ ಮನ್ಯಾಗ ಇದ್ದಾಕಿ ನೀನ. ನೀನ ಹೇಳೀದಿ. ನಮ್ಮನ್ನೆಲ್ಲಾ ಮಾರಕೊಂಡೆಲ್ಲ, ಆಯಿ” ಅಂದೆ. ಅವಳು ಆ ಮನೆಗೆ ಹೋದದ್ದು ಶಾವಿಗೆ ಹೊಸೆಯಲಿಕ್ಕೆ. ಆದರೆ ಅವಳು ಅದನ್ನೂ ಹೇಳಲಿಲ್ಲ. ತಲೆ ಬಗ್ಗಿಸಿ ನೂಲಿನ ಎಳೆ ಹುಡುಕುತ್ತಾ ಕೂತಳು. ಅವತ್ತಿನಿಂದ ಯಾರೂ ಅವಳ ಜೊತೆ ಬುತ್ತಿ ಬಿಚ್ಚಲಿಲ್ಲ. ನಾನೂ.

ಅಂಜನಾ, ಮಾಲಕರಿಗೆ ಹೇಳಿದವಳು ನಾನು.

ನಾನಿರುವ ಖೋಲಿ ಅವರದೇ ಎಂಬುದು ನಿನಗೆ ಗೊತ್ತು. ವೈಶಾಲಿಯ ಅಪ್ಪ ಹೋದಮೇಲೆ ಬಾಡಿಗೆಯಿಲ್ಲದೆ ಇರಲಿಕ್ಕೆ ಬಿಟ್ಟಿದ್ದರು. ಸಾಹೇಬರು ಬರುವ ಹಿಂದಿನ ದಿನ, ಬುಧವಾರ ಸಂಜೆ, ಅವರು ಹೊಸ್ತಿಲ ಹೊರಗೇ ನಿಂತು, ಬೈಯದೆ, ಗದರಿಸದೆ, “ನಿಮ್ಮ ನಡುವ ಏನೋ ನಡದೈತಿ. ಹೇಳಿದ್ರ ಈ ಖೋಲಿ ನಿಂದ ಅಂತ ತಿಳಕೊ. ಇಲ್ಲಂದ್ರ ಈ ತಿಂಗಳದಾಗ ಬ್ಯಾರೆ ಕಡೆ ನೋಡಕೋ” ಅಂದರು. ಹೊರಗೆ ಒಂದು ಖೋಲಿ ಹಿಡಿದರೆ ನನ್ನ ಅರ್ಧ ಪಗಾರ ಅಲ್ಲಿಗೇ ಹೋಗುತ್ತದೆ. ಒಳಗೆ ವೈಶಾಲಿ ಓದುತ್ತಿದ್ದಳು. ಹೇಳಿಬಿಟ್ಟೆ. ನಿನ್ನ ಹೆಸರನ್ನೂ ಹೇಳಿದೆ. ಹೇಳಿ ಮುಗಿಸಲಿಕ್ಕೆ ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ.

ರುಕ್ಮವ್ವನಿಗೆ ಇದು ಗೊತ್ತಿತ್ತು. ಅವಳು ತೀರಿಕೊಳ್ಳುವ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ನಾನು ಗಂಜಿ ತೆಗೆದುಕೊಂಡು ಹೋಗಿದ್ದೆ. ಅವಳೇ ಮಾತು ತೆಗೆದಳು. ಶಾವಿಗೆ ಹೊಸೆದು ಮನೆಗೆ ಬರುವಾಗ ಮಾಲಕರು ನನ್ನ ಬಾಗಿಲಲ್ಲಿ ನಿಂತದ್ದನ್ನು ನೋಡಿದ್ದಳಂತೆ. ನಾನು ಅವಳ ಕಾಲು ಹಿಡಿದೆ. ಹಾಗಾದರೆ ಅಂಜನಾ ಬೈದಾಗ ಯಾಕೆ ಸುಮ್ಮನಿದ್ದಿ ಅಂತ ಕೇಳಿದೆ. ಉಸಿರು ಹಿಡಿದು ಹಿಡಿದು ಹೇಳಿದಳು: “ನಿನಗ ಮಗಳದಾಳ. ಊರ ಮಂದಿ ಮಾರಿ ತಿರುವಿದ್ರ ಹೆಂಗ ಬದುಕ್ತಿ? ನನಗ ಹಿಂದಿಲ್ಲ ಮುಂದಿಲ್ಲ. ನನಗ ಯಾರು ಏನಂದ್ರೇನು?” ಆಮೇಲೆ, “ಅಂಜನಾ ಮಾತ್ರ ಹಂಗ ತಿಳೀಬಾರದಿತ್ತು” ಅಂದಳು. ಅದೊಂದು ಮಾತಿಗೆ ಕಣ್ಣೀರು ಹಾಕಿದಳು.

ಅವತ್ತೇ ನಿನಗೆ ಫೋನು ಹಚ್ಚಿದೆ. ನೀನು ಎತ್ತಲಿಲ್ಲ. ನಾನೇ ಬಸ್ಸು ಹತ್ತಿ ನಿನ್ನಲ್ಲಿಗೆ ಬರಬಹುದಿತ್ತು; ಬರಲಿಲ್ಲ. ನಾಳೆ ಹೋದರಾಯಿತು ಅಂದುಕೊಂಡೆ. ಬೆಳಗಾಗುವಷ್ಟರಲ್ಲಿ ಅವಳಿರಲಿಲ್ಲ.

ನನ್ನನ್ನು ಕ್ಷಮಿಸೆಂದು ಕೇಳುವುದಿಲ್ಲ. ಒಂದು ಸಲ ಬಂದು ಅವಳ ಗೋರಿಯ ಮೇಲೆ ಒಂದು ಹೂ ಇಟ್ಟು ಹೋಗು. ನಾನು ಎದುರಿಗೆ ಬರುವುದಿಲ್ಲ. ಶೆಡ್ಡಿನ ಹೆಂಗಸರಿಗೆ ನಿನ್ನೆ ಎಲ್ಲ ಹೇಳಿದ್ದೇನೆ. ಈಗ ನನ್ನ ಜೊತೆ ಯಾರೂ ಬುತ್ತಿ ಬಿಚ್ಚುವುದಿಲ್ಲ. ಅದು ಸರಿಯಾದದ್ದೇ.

ನಿನ್ನ ಗೆಳತಿ ಎನ್ನಲಾರದ
ಉಮಾಶ್ರೀ

ತಾ.ಕ.: ಪತ್ರ ಮಡಚಿದವಳು ಮತ್ತೆ ಬಿಚ್ಚಿದೆ. ನಿನ್ನ ಎರಡು ಮಗ್ಗಗಳಿಗೆ ಯಾರನ್ನು ಹಾಕಿದರೆಂದು ನಾನು ಬರೆದಿಲ್ಲ. ನನ್ನನ್ನೇ. ಕಂಡಿಕೆ ಸುತ್ತುವುದಕ್ಕಿಂತ ವಾರಕ್ಕೆ ನಾಲ್ಕು ನೂರು ಹೆಚ್ಚು ಕೊಡುತ್ತಾರೆ. ಆದರೂ ಸಾಲುವುದಿಲ್ಲ. ಇನ್ನು ಆ ಮಗ್ಗ ಮುಟ್ಟುವುದಿಲ್ಲ ಎಂದು ಬರೆಯಬೇಕೆಂದೇ ಹಾಳೆ ಬಿಚ್ಚಿದ್ದೆ. ಬರೆಯಲಾರೆ. ನಾಳೆಯೂ ಹೋಗುತ್ತೇನೆ.