ಬಾಣಂತನಕ್ಕೆ ಹೋದವಳ ಹೊಲ

ಮಾನ್ಯ ಉಪವಿಭಾಗಾಧಿಕಾರಿಗಳೇ,

ನನ್ನ ಅವ್ವ ಚಿಕ್ಕತಾಯಮ್ಮ ಸ್ವೀಡನ್ನಿನಲ್ಲಿ ಇಲ್ಲ. ಈ ಮಾತನ್ನು ಸ್ವೀಡನ್ನಿನಿಂದಲೇ, ಅವಳು ಮಲಗುತ್ತಿದ್ದ ಕೋಣೆಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಇಲ್ಲೀಗ ಮಗುವಿನ ಬಟ್ಟೆ ಒಣಗುತ್ತಿದೆ. ಅವ್ವ ಇರುವುದು ನಿಮ್ಮ ಕಚೇರಿಯಿಂದ ಒಂದೇ ಬಸ್ಸಿನ ದೂರದಲ್ಲಿ, ತನ್ನ ಊರಿನ ತನ್ನ ಮನೆಯಲ್ಲಿ. ಆದರೆ ನೀವು ಸಹಿ ಮಾಡಿದ ಆದೇಶ ಬೇರೆ ಹೇಳುತ್ತದೆ: ಆಕೆ "ವಿದೇಶದಲ್ಲಿ ಖಾಯಂ ನೆಲೆಸಿದ್ದು, ಜಮೀನನ್ನು ಸ್ವಂತ ಸಾಗುವಳಿ ಮಾಡದೆ ಪಾಳು ಬಿಟ್ಟಿರುವುದು ಸ್ಥಳ ತನಿಖೆಯಿಂದ ಕಂಡುಬಂದಿರುತ್ತದೆ." ಆದ್ದರಿಂದ ಆಕೆಯ ಸಾಗುವಳಿ ಚೀಟಿ ರದ್ದು. ಸರ್ಕಾರಿ ಜಮೀನನ್ನು ಉತ್ತು ಬದುಕಿದವರಿಗೆ, ಇನ್ನು ಇದು ನಿಮ್ಮದು ಎಂದು ಸರ್ಕಾರವೇ ಕೊಡುವ ಕಾಗದ ಅದು. ಅದು ಕೈಗೆ ಬರುವುದನ್ನು ಕಾಯುತ್ತಲೇ ನನ್ನ ಅಪ್ಪ ತೀರಿಕೊಂಡರು. ಅದು ರದ್ದಾಗುವುದಕ್ಕೆ ಒಂದು ಬೇಸಿಗೆ ಸಾಕಾಯಿತು.

ಅವ್ವ ಇಲ್ಲಿಗೆ ಬಂದದ್ದು ನನ್ನ ಬಾಣಂತನಕ್ಕೆ. ನಾನು ಒಬ್ಬಳೇ ಮಗಳು. ಹೆರಿಗೆ ಮಾರ್ಚಿನಲ್ಲಿ ಎಂದಾಗ ಅವಳು ಮೊದಲು ಲೆಕ್ಕ ಹಾಕಿದ್ದು ಹೊಲದ ಕೆಲಸವನ್ನು. "ಹುರುಳಿ ಕಿತ್ತಾಕ್ಬುಟ್ಟು ಬತ್ತೀನಿ ಕಣವ್ವ. ಮಳೆ ಬೀಳೋ ಹೊತ್ಗೆ ನನ್ನ ಕಳಿಸ್ಬುಡ್ಬೇಕು" ಎಂದು ಫೋನಿನಲ್ಲೇ ಕರಾರು ಮಾಡಿಕೊಂಡಳು. ಫೆಬ್ರವರಿಯ ಹಿಮದಲ್ಲಿ ಸೊಲ್ಲೆಂಟುನಾದ ನಮ್ಮ ಮನೆಗೆ ಬಂದಳು. ಚಾರ್ವಿ ಹುಟ್ಟಿದಳು. ಅವ್ವ ಮಗುವಿಗೆ ಎಣ್ಣೆ ಹಚ್ಚಿ ನೀರೆರೆದಳು, ನನಗೆ ಮೆಣಸಿನ ಸಾರು ಬಡಿಸಿದಳು. ಹೊರಡುವ ದಿನ ಹತ್ತಿರವಾದಾಗ ನನ್ನ ಗಂಡ ಶಂಕರ, "ಅತ್ತೆ, ಇನ್ನೊಂದ್ ತಿಂಗ್ಳು ಇದ್ರೆ ಇಲ್ಲಿನ ಬೇಸಿಗೆ ನೋಡ್ಬೋದಿತ್ತು" ಎಂದರು. "ನಿಮ್ಮೂರ್ ಬೇಸ್ಗೆ ಕಾಯ್ಕೊಂಡು ಕೂತ್ರೆ ನಮ್ಮೂರಲ್ಲಿ ರಾಗಿ ಬಿತ್ತೋರ್ಯಾರಪ್ಪ?" ಎಂದು ಅವ್ವ ನಕ್ಕಳು. ಮೇ ತಿಂಗಳಲ್ಲಿ ಹೊರಟೇಹೋದಳು.

ನಿಮ್ಮ ಸಿಬ್ಬಂದಿ ಸ್ಥಳ ತನಿಖೆಗೆ ಬಂದದ್ದು ಏಪ್ರಿಲ್‌ನಲ್ಲಿ. ಮಾನ್ಯರೇ, ಏಪ್ರಿಲ್‌ನಲ್ಲಿ ನಮ್ಮ ಸೀಮೆಯ ಮಳೆಯಾಶ್ರಿತ ಹೊಲ ಖಾಲಿ ಇರದೆ ಇನ್ನು ಹೇಗಿರಬೇಕಿತ್ತು? ಅದರ ಪಕ್ಕದ ಹೊಲವೂ ಖಾಲಿ ಇತ್ತು, ಅದರಾಚೆಯದೂ ಖಾಲಿ ಇತ್ತು, ಕೆರೆ ಏರಿಯವರೆಗೆ ಎಲ್ಲವೂ ಖಾಲಿ ಇದ್ದವು. ಆ ಹೊಲಗಳವರೆಲ್ಲ ಯಾವ ಯಾವ ದೇಶಗಳಲ್ಲಿ ಖಾಯಂ ನೆಲೆಸಿದ್ದರು? ಬೀಗ ಹಾಕಿದ ಬಾಗಿಲಿಗೆ ನೋಟಿಸು ಅಂಟಿಸಿ, ಅಂಟಿಸಿದ್ದೇವೆ ಎಂದು ಮಹಜರು ಬರೆದು ಹೋದರಂತೆ. ಹೇಳಿಕೆ ಕೊಡಲು ಬೀಗ ಬರಲಿಲ್ಲ, ಆದ್ದರಿಂದ "ಆಕ್ಷೇಪಣೆ ಇರುವುದಿಲ್ಲ." ವಿದೇಶವಾಸಕ್ಕೆ ಪುರಾವೆಯಾಗಿ ವರದಿಗೆ ಒಂದು ಫೋಟೋ ಲಗತ್ತಿಸಿದ್ದಾರೆ. ನನ್ನ ಕೋಟು ತೊಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು, ಅವ್ವ ಹಿಮದಲ್ಲಿ ನಿಂತಿರುವ ಫೋಟೋ. "ಊರಿಗೆ ಕಳ್ಸು, ಎಲ್ರೂ ನೋಡ್ಲಿ" ಎಂದು ಅವಳೇ ಹೇಳಿ ಕಳಿಸಿದ್ದು. ಎಲ್ಲರೂ ನೋಡಿದರು. ಹಿಮದಲ್ಲಿ ಒಮ್ಮೆ ನಿಂತವರು ಅಲ್ಲೇ ನೆಲೆಸಿದಂತೆ ಎಂಬ ನಿಯಮ ಇರುವುದು ಮಾತ್ರ ನಮಗೆ ತಿಳಿದಿರಲಿಲ್ಲ.

ನೆಲೆಸುವ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಅವ್ವನಿಗೆ ಸಿಕ್ಕಿದ್ದು ಮೂರು ತಿಂಗಳ ಪ್ರವಾಸಿ ವೀಸಾ. ಅದಕ್ಕಾಗಿ ಅವಳು ಖಂಡಿತ ವಾಪಸು ಹೋಗುತ್ತಾಳೆ ಎಂದು ಇಲ್ಲಿನ ವೀಸಾ ಅಧಿಕಾರಿಗಳಿಗೆ ನಾವು ಮನವರಿಕೆ ಮಾಡಿಕೊಡಬೇಕಿತ್ತು. ಗಂಡ ಇಲ್ಲ, ಇರುವ ಒಬ್ಬಳೇ ಮಗಳು ಇಲ್ಲಿ. ಯಾರಿಗಾದರೂ ಅನುಮಾನ ಬರುವುದೇ. ನಾವು ಏನು ಲಗತ್ತಿಸಿದೆವು ಗೊತ್ತೇ? ಅದೇ ಸಾಗುವಳಿ ಚೀಟಿಯನ್ನು, ಇಂಗ್ಲಿಷಿಗೆ ಅನುವಾದ ಮಾಡಿಸಿ. ಅನುವಾದಿತ ಪುಸ್ತಕಗಳನ್ನು ಓದುವ ಅಭ್ಯಾಸ ನನ್ನದು. ಮೂಲವನ್ನು ನೋಡಲಾಗದೆ ಅನುವಾದಕರನ್ನು ನಂಬಿ ಮುಂದೆ ಹೋಗುತ್ತೇನೆ. ಈ ಒಂದು ಅನುವಾದದಲ್ಲಿ ಮಾತ್ರ ಮೂಲವೂ ಕೈಯಲ್ಲಿತ್ತು. ಸಾಲು ಸಾಲಾಗಿ ಹೋಲಿಸಿ ನೋಡಿದೆ, ಒಂದು ತಪ್ಪೂ ಇರಲಿಲ್ಲ. ನಮ್ಮ ಊರಿನ ಹೆಸರನ್ನು ಉಚ್ಚರಿಸಲೂ ಬಾರದ ಅಧಿಕಾರಿಯೊಬ್ಬರು ಅದನ್ನು ಓದಿ, ಹೊಲ ಇರುವವಳು ಹೊಲಕ್ಕೆ ಮರಳುತ್ತಾಳೆ ಎಂದು ನಂಬಿದರು. ಅವಳು ಮರಳಿದಳು, ಪಾಸ್‌ಪೋರ್ಟಿನಲ್ಲಿ ಬೆಂಗಳೂರಿನ ಮುದ್ರೆ ಇದೆ. ನಿಮ್ಮ ಸರ್ಕಾರದ ಕಾಗದವನ್ನು ಪರದೇಶದವರು ನಂಬಿದರು. ನೀವು ನಂಬಲಿಲ್ಲ.

ಆದೇಶ ಅವಳ ಕೈ ಸೇರುವ ಹೊತ್ತಿಗೆ ರಾಗಿ ಪೈರು ಮೊಣಕಾಲೆತ್ತರ ಬಂದಿತ್ತು. ಅವಳು ನಿಮ್ಮ ಕಚೇರಿಗೆ ಬಂದಳು. ನೀವು ಸಭೆಯಲ್ಲಿದ್ದಿರಿ. ಗುಮಾಸ್ತರೊಬ್ಬರ ಜೊತೆ ನಡೆದ ಮಾತನ್ನು ಅವಳು ನನಗೆ ಹೇಳಿದಂತೆಯೇ ಬರೆಯುತ್ತೇನೆ.

"ಏನಮ್ಮಾ, ಫಾರಿನ್ನಿಂದ ಯಾವಾಗ ಬಂದ್ರಿ?"

"ಬಂದು ರಾಗಿ ಪೈರಾಯ್ತು ಸ್ವಾಮಿ."

"ನೀವು ಇಲ್ಲಿಲ್ಲ ಅಂತ ರಿಪೋರ್ಟ್ ಇದೆಯಲ್ಲ."

"ನಾನೇ ಬಂದು ನಿಂತಿವ್ನಲ್ಲಪ್ಪಾ."

"ನೀವು ನಿಂತ್ರೆ ಏನಮ್ಮಾ ಬಂತು? ಫೈಲಲ್ಲಿ ಇರ್ಬೇಕಲ್ಲ."

"ಮಗಳ ಬಾಣಂತನಕ್ಕೆ ಹೋಗಿದ್ದೆ."

"ಯಾಕೆ, ಅಲ್ಲಿ ಆಸ್ಪತ್ರೆ ಇರ್ಲಿಲ್ವಾ?"

ಆಸ್ಪತ್ರೆ ಇತ್ತು, ಚೆನ್ನಾಗಿಯೂ ಇತ್ತು. ಅವ್ವ ಹೊರಗೆ ಬಂದು ಬಸ್ಸು ಹತ್ತಿದಳಂತೆ.

ಈಗ ಜಿಲ್ಲಾಧಿಕಾರಿಗಳ ಮುಂದೆ ಮೇಲ್ಮನವಿ ಇದೆ. ಕರೆದಾಗಲೆಲ್ಲ ಮುಂದಕ್ಕೆ ಹೋಗುತ್ತದೆ. ನಿಮ್ಮ ಆದೇಶಕ್ಕೆ ತಡೆಯಾಜ್ಞೆ ಸಿಕ್ಕಿಲ್ಲ. ಪಹಣಿಯಲ್ಲಿ ಅವ್ವನ ಹೆಸರಿದ್ದ ಕಡೆ "ಸರ್ಕಾರ" ಎಂದು ಬಂದಿದೆ. ರಾಗಿ ತೆನೆ ಕಟ್ಟಿ ಬಾಗಿದೆ. ಕೊಯ್ದರೆ ಸರ್ಕಾರಿ ಜಮೀನಿನ ಒತ್ತುವರಿ ಎನ್ನಬಹುದು, ಕೊಯ್ಯದೆ ಬಿಟ್ಟರೆ ಸಾಗುವಳಿ ಮಾಡುತ್ತಿಲ್ಲ ಎಂಬುದಕ್ಕೆ ನಾವೇ ಸಾಕ್ಷಿ ಕೊಟ್ಟಂತೆ ಎನ್ನುತ್ತಾರೆ ವಕೀಲರು. ಹಾಗಾದರೆ ಏನು ಮಾಡಬೇಕು ಎಂದು ಕೇಳಿದೆ. "ನೋಡೋಣ ಮೇಡಂ" ಎಂದರು. ಮೊನ್ನೆ ಅವ್ವ ಫೋನಿನಲ್ಲಿ, "ಕುಯ್ಲೋ ಬ್ಯಾಡ್ವೋ ಕೇಳಿ ಹೇಳವ್ವ, ತೆನೆ ಉದುರ್ತಾ ಅದೆ" ಎಂದಳು. ಇಲ್ಲಿ ನವೆಂಬರ್, ಮಧ್ಯಾಹ್ನ ಮುಗಿಯುವ ಮೊದಲೇ ಕತ್ತಲು. ಕಿಟಕಿಯ ಹತ್ತಿರ ನಿಂತು ಯಾರನ್ನು ಕೇಳಲಿ ಎಂದು ಯೋಚಿಸಿದೆ. "ನಾಳೆ ಹೇಳ್ತೀನವ್ವ" ಎಂದೆ. ಆ ನಾಳೆ ಇನ್ನೂ ಬಂದಿಲ್ಲ.

ಮಾರ್ಚಿಗೆ ಚಾರ್ವಿಗೆ ವರ್ಷ ತುಂಬುತ್ತದೆ. ಅವ್ವನನ್ನು ಕರೆಸಿಕೊಳ್ಳೋಣವೆಂದರೆ ಈ ಸಲದ ವೀಸಾ ಅರ್ಜಿಗೆ ಏನನ್ನು ಲಗತ್ತಿಸಲಿ? ನಿಮ್ಮ ಆದೇಶವನ್ನೇ? ಅವಳಂತೂ ಪಕ್ಕದ ಊರಿನಲ್ಲಿರುವ ತಂಗಿಯ ಮನೆಗೂ ಹೋಗುತ್ತಿಲ್ಲ. "ಯಾರಾನಾ ಫೋಟೋ ತಗ್ದಾರು" ಎನ್ನುತ್ತಾಳೆ. ದಿನವೂ ಹೊಲದ ಬದುವಿನ ಮೇಲೆ ಕೂರುತ್ತಾಳಂತೆ, ನಿಮ್ಮವರು ಯಾರಾದರೂ ಬಂದರೆ ಕಾಣಲಿ ಎಂದು.

ನನ್ನ ಬೇಡಿಕೆ ದೊಡ್ಡದಲ್ಲ. ಒಮ್ಮೆ ಹೊಲಕ್ಕೆ ಬನ್ನಿ. ಬೇಸಿಗೆಯಲ್ಲಿ ಬೇಡ, ಈಗಲೇ, ತೆನೆ ಉದುರಿ ಮುಗಿಯುವ ಮುಂಚೆ. ಬದುವಿನ ಮೇಲೆ ಕುಳಿತವಳನ್ನು ನೋಡಿ ನಿಮ್ಮ ಆದೇಶವನ್ನು ಹಿಂಪಡೆಯಿರಿ. ಅದಾಗದಿದ್ದರೆ, ಕೊಯ್ಯಬಹುದೇ ಬೇಡವೇ ಎಂದಾದರೂ ಒಂದು ಸಾಲು ಬರೆದುಕೊಡಿ. ಅದೂ ಆಗದಿದ್ದರೆ, ಹೊಲ ಇರುವ ಹೆಂಗಸು ಮಗಳ ಬಾಣಂತನಕ್ಕೆ ಎಷ್ಟು ದಿನ ಊರು ಬಿಡಬಹುದು ಎಂಬುದನ್ನಾದರೂ ತಿಳಿಸಿ. ನನಗೂ ಒಬ್ಬಳು ಮಗಳಿದ್ದಾಳೆ.

ಇಂತಿ,
ನಿಮ್ಮ ಆದೇಶದ ಪ್ರಕಾರ ತಾಯಿಯನ್ನು ಖಾಯಂ ಆಗಿ ತನ್ನ ಬಳಿಯೇ ಇರಿಸಿಕೊಂಡಿರುವ,
ಪಾವನಾ
ಸೊಲ್ಲೆಂಟುನಾ, ಸ್ವೀಡನ್