ಒತ್ತಿದವರ ತಪ್ಪಲ್ಲ

ಕೂಡ್ಲಿಗಿ
ಸೋಮವಾರ

ಶಿವಯೋಗಿ ಅಣ್ಣನವರಿಗೆ ಮಾಲಾಳ ನಮಸ್ಕಾರಗಳು.

ಕೊಟ್ಟೂರಿನ ನಿಮ್ಮ ಅಂಗಡಿಯಿಂದ ತಂದ ಎಂಟೂ ಕಂಪ್ಯೂಟರ್‌ಗಳ ಪರದೆ ಅಪ್‌ಡೇಟ್ ಆದಾಗಿನಿಂದ ಕಪ್ಪಾಗಿಯೇ ಇದೆ. ಅವುಗಳ ಗ್ರಾಫಿಕ್ಸ್ ಕಾರ್ಡು ಹಳೆಯದಾಯಿತಂತೆ; ಕಂಪ್ಯೂಟರ್ ನಡೆಸುವ ಹೊಸ ಲಿನಕ್ಸ್‌ಗೆ ಅದರ ಡ್ರೈವರ್ ತಂತ್ರಾಂಶ ಇನ್ನು ಕೊಡುವುದಿಲ್ಲವೆಂದು ಕಾರ್ಡಿನ ಕಂಪನಿಯವರು ಬರೆದಿದ್ದಾರೆ. ಲಿನಕ್ಸ್‌ನವರನ್ನು ಕೇಳಿದರೆ, ಕಂಪನಿಯವರು ಕಾರ್ಡಿನ ಒಳಗುಟ್ಟು ಬಿಟ್ಟುಕೊಡದೆ ನಮ್ಮಿಂದೇನೂ ಮಾಡಲಾಗದು ಎನ್ನುತ್ತಾರೆ. ನೀವೂ ಫೋನಿನಲ್ಲಿ, "ನನ್ ಕೈಯಾಗ ಏನೈತಿ ತಂಗಿ" ಅಂದಿರಿ. ನಿಮ್ಮ ಮೇಲೆ ಸಿಟ್ಟಿಲ್ಲ. ಕಾರ್ಡು ಬದಲಿಸಿಕೊಡಿ ಎಂದು ಕೇಳುವ ಪತ್ರವೂ ಇದಲ್ಲ.

ನನ್ನ ಕಂಪ್ಯೂಟರ್ ತರಗತಿಗೆ ಬರುವ ಹೆಂಗಸರಲ್ಲಿ ಗಾದೆಮ್ಮನವರೇ ಹಿರಿಯರು. ಅವತ್ತು ಎಲ್ಲರಿಗಿಂತ ಮೊದಲು ಬಂದು, ಉಳಿದವರು ಕಾಯುವಂತಾಗಬಾರದೆಂದು ಎಂಟಕ್ಕೂ ಅಪ್‌ಡೇಟ್ ಒತ್ತಿದ್ದರು. ಮರುದಿನದಿಂದ ಬಂದಿಲ್ಲ. ತಪ್ಪು ಕಂಪನಿಯದು ಎಂದು ಮನೆಗೇ ಹೋಗಿ ಹೇಳಿದೆ. "ನನ್ನ ಕೈ ತಾಗೇ ಕೆಟ್ಟಾವ್ರಿ ಮೇಡಂ. ಸುಮ್ನ ಸಮಾಧಾನ ಮಾಡಬ್ಯಾಡ್ರಿ" ಎಂದು ಒಳಗೆ ಹೋಗಿಬಿಟ್ಟರು.

ಮಾರಿದವರೇ ಹೇಳಿದರೆ ನಂಬಿಯಾರು. ಅಂಗಡಿಯ ಹೆಸರಿರುವ ಹಾಳೆಯಲ್ಲಿ, ಇದು ಒತ್ತಿದವರ ತಪ್ಪಲ್ಲ ಎಂದು ಎರಡು ಸಾಲು ಬರೆದು, ಮೊಹರು ಹಾಕಿ ಕಳಿಸಿಕೊಡಿ. ಅಕ್ಷರ ದೊಡ್ಡದಾಗಿರಲಿ, ಅವರೇ ಓದಿಕೊಳ್ಳಬೇಕು.

ಅಪ್‌ಡೇಟ್ ಕೇಳಿದರೆ ಮುಂದೂಡಬೇಡಿ ಎಂದು ಎಲ್ಲರಿಗೂ ಪಾಠ ಮಾಡಿದ್ದವಳು ನಾನೇ, ಅಣ್ಣ. ಹೇಳಿದಂತೆ ಮಾಡಿದವರು ಅವರೊಬ್ಬರೇ.

ನಿಮ್ಮ ತಂಗಿ,
ಮಾಲಾ